ಧ್ರುವದ ಗಾಳಿ ಇಳಿಯುತ್ತಿದೆ ಎಂದಾಗ ನಕ್ಷೆಯಲ್ಲಿ ಮೊದಲು ಯಾವುದನ್ನು ನೋಡಬೇಕು?

ನಕ್ಷೆಹುಚ್ಚ ಕೇಳಿದ್ದು:

ಹವಾಮಾನ ಮಾದರಿಗಳ (ಕಂಪ್ಯೂಟರ್ ಮುನ್ಸೂಚನೆಗಳ) ನಕ್ಷೆ ಓದಲು ಒಂದು ಮಟ್ಟಿಗೆ ಬರುತ್ತದೆ. ಧ್ರುವೀಯ ವಾಯುರಾಶಿ (ಧ್ರುವದ ಕಡೆಯಿಂದ ಇಳಿಯುವ ಶೀತಗಾಳಿಯ ದೊಡ್ಡ ರಾಶಿ) ವಿಷಯದಲ್ಲಿ ಮಾತ್ರ ನಾಲ್ಕು ಗಂಟುಗಳು ಬಿಚ್ಚುತ್ತಿಲ್ಲ. ಬಲ್ಲವರು ಬಿಡಿಸಿ ಹೇಳಿ.

1. 850 ಹೆಕ್ಟೊಪ್ಯಾಸ್ಕಲ್ (ಗಾಳಿಯ ಒತ್ತಡದ ಅಳತೆ) ನಕ್ಷೆಯಲ್ಲಿ, ಅಂದರೆ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿ −9° ಇದೆ. ಅದೇ ಜಾಗದ ನೆಲಮಟ್ಟಕ್ಕೆ ಮುನ್ಸೂಚನೆ −21°. ಮೇಲೆ ಹೋದಂತೆ ತಾನೇ ತಣ್ಣಗಾಗಬೇಕಾದ್ದು?
2. ‘ಪೋಲಾರ್ ವೋರ್ಟೆಕ್ಸ್ (ಧ್ರುವದ ಸುತ್ತ ತಿರುಗುವ ಗಾಳಿಸುಳಿ) ಒಡೆದಿದೆ’ ಎಂದು ಸುದ್ದಿ ಬಂದರೆ ಎಷ್ಟು ದಿನಕ್ಕೆ ಚಳಿ ಬರುತ್ತದೆ?
3. ಒಂದೇ ಗಾಳಿ ಒಂದು ಕಡೆ ತಿಳಿ ಆಕಾಶ, ಇನ್ನೊಂದು ಕಡೆ ಎದೆಮಟ್ಟದ ಹಿಮ ಕೊಡುವುದು ಹೇಗೆ?
4. ಮಾದರಿ ಸಂಜೆ 6ಕ್ಕೆ ಎಂದ ಶೀತ ವಾಯುಮುಖ (ನುಗ್ಗಿ ಬರುವ ಶೀತಗಾಳಿಯ ಮುಂದಿನ ಅಂಚು) ಮಧ್ಯಾಹ್ನವೇ ಬಂದಿರುತ್ತದೆ. ಪದೇ ಪದೇ ಯಾಕೆ ಹೀಗೆ?

(ಉಷ್ಣಾಂಶ ಎಲ್ಲವೂ ಸೆಲ್ಸಿಯಸ್‌ನಲ್ಲಿ.)

---

ಒತ್ತಡರೇಖೆ ಉತ್ತರ:

ಎರಡು ಅಂಕಿಯೂ ಸರಿ. ಮೊದಲ ಗಂಟು ಬಿಚ್ಚಿದರೆ ನಾಲ್ಕನೆಯದು ಅರ್ಧ ಸಡಿಲವಾಗುತ್ತದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಖಂಡದ ಮೇಲಿನ ಧ್ರುವೀಯ ವಾಯುರಾಶಿ ತಯಾರಾಗುವುದು ನೆಲದಿಂದ ಮೇಲಕ್ಕೆ. ಸೈಬೀರಿಯಾ, ಉತ್ತರ ಕೆನಡಾದಲ್ಲಿ ಚಳಿಗಾಲದ ಸೂರ್ಯ ಬರುವುದೇ ಕಡಿಮೆ, ಬಂದ ಬೆಳಕಿನಲ್ಲೂ ಹೊಸ ಹಿಮ ಶೇ. 80ಕ್ಕಿಂತ ಹೆಚ್ಚನ್ನು ವಾಪಸ್ ಎಸೆಯುತ್ತದೆ. ಅದೇ ಹಿಮ ಅವಕೆಂಪು ಕಿರಣಗಳ ಮಟ್ಟಿಗೆ ಹೆಚ್ಚುಕಡಿಮೆ ಪೂರ್ಣ ಕಪ್ಪುಕಾಯ. ಇರುವ ಶಾಖವನ್ನೆಲ್ಲ ಆಕಾಶಕ್ಕೆ ಸೂಸುತ್ತಲೇ ಇರುತ್ತದೆ. ಮೇಲಾಗಿ ಹಿಮದೊಳಗೆ ಸಿಕ್ಕಿಕೊಂಡ ಗಾಳಿ ನೆಲದ ಬಿಸಿಯನ್ನು ಮೇಲೆ ಬರಲು ಬಿಡುವುದಿಲ್ಲ. ಹೀಗೆ ಹಿಮದ ಮೇಲ್ಮೈ ತಣ್ಣಗಾಗುತ್ತದೆ, ಅದಕ್ಕೆ ತಾಗಿದ ಗಾಳಿ ತಣ್ಣಗಾಗುತ್ತದೆ, ಆ ಚಳಿ ದಿನದಿಂದ ದಿನಕ್ಕೆ ಮೇಲಕ್ಕೆ ಹಬ್ಬುತ್ತದೆ. ಫಲ, ನೆಲದಲ್ಲಿ ಅತಿ ಶೀತ, ಒಂದು ಕಿ.ಮೀ. ಮೇಲೆ ಅದಕ್ಕಿಂತ 10ರಿಂದ 20 ಡಿಗ್ರಿ ಬೆಚ್ಚಗೆ. ಈ ತಲೆಕೆಳಗು ಪದರವೇ ಇನ್ವರ್ಷನ್. ನಿಮ್ಮ −9° ಇರುವುದು ಅದರ ಮೇಲ್ಭಾಗದಲ್ಲಿ, −21° ಅದರ ತಳದಲ್ಲಿ.

ಹಾಗಾಗಿ 850ರ ನಕ್ಷೆಯೊಂದನ್ನೇ ನೋಡಿ ‘ಈ ಸಲ ಚಳಿ ಅಷ್ಟೇನಿಲ್ಲ’ ಅನ್ನಬೇಡಿ. 925 ಹೆಕ್ಟೊಪ್ಯಾಸ್ಕಲ್ ನಕ್ಷೆ (ಸುಮಾರು 750 ಮೀ.) ಮತ್ತು ಬಲೂನ್ ಸೌಂಡಿಂಗ್ (ಬಲೂನ್ ಏರುತ್ತ ಅಳೆದ ಎತ್ತರವಾರು ಉಷ್ಣಾಂಶದ ಗೆರೆಚಿತ್ರ) ಎರಡನ್ನೂ ತೆರೆಯಿರಿ. ಸೌಂಡಿಂಗ್‌ನಲ್ಲಿ ಉಷ್ಣಾಂಶದ ಗೆರೆ ಬಲಕ್ಕೆ ಮುರಿದುಕೊಳ್ಳುವ ಎತ್ತರ ಎಲ್ಲಿದೆ ನೋಡಿ. ಶೀತ ಪದರದ ಚಾವಣಿ ಅದು.

ಒತ್ತಡ ಏರುವುದೂ ಇದರಿಂದಲೇ. ಸಮುದ್ರಮಟ್ಟದ ಒತ್ತಡದಲ್ಲಿ 0° ಗಾಳಿ ಘನ ಮೀಟರಿಗೆ 1.29 ಕೆ.ಜಿ. ತೂಗಿದರೆ −30° ಗಾಳಿ 1.45 ಕೆ.ಜಿ. ತೂಗುತ್ತದೆ. ಒಂದು ಕಿ.ಮೀ. ದಪ್ಪದ ಪದರ ಹೀಗೆ ತಣ್ಣಗಾದರೆ ಅದೊಂದರಿಂದಲೇ ನೆಲದ ಒತ್ತಡ ಸುಮಾರು 15 ಹೆಕ್ಟೊಪ್ಯಾಸ್ಕಲ್ ಹೆಚ್ಚುತ್ತದೆ. ಸೈಬೀರಿಯಾದ ಅಧಿಕ ಒತ್ತಡ ಚಳಿಗಾಲದಲ್ಲಿ 1050 ದಾಟುವುದು ಅಪರೂಪವಲ್ಲ. 1968ರ ಡಿಸೆಂಬರ್ 31ರಂದು ಅಗಾತಾ ಎಂಬಲ್ಲಿ, ಸಮುದ್ರಮಟ್ಟಕ್ಕೆ ಇಳಿಸಿದ ಲೆಕ್ಕದಲ್ಲಿ, 1083.8 ದಾಖಲಾಗಿದೆ.

ಇಡೀ ಗಾಳಿಕಂಬ ಎಷ್ಟು ತಣ್ಣಗಿದೆ ಎಂದು ತಿಳಿಯಲು 1000ರಿಂದ 500 ಹೆಕ್ಟೊಪ್ಯಾಸ್ಕಲ್ ನಡುವಿನ ದಪ್ಪ ನೋಡಿ. 5400 ಮೀ. ಎಂದರೆ ಆ ಕಂಬದ ಸರಾಸರಿ ಸುಮಾರು −7°, 5100 ಎಂದರೆ −22°. ಪ್ರತಿ 20 ಮೀಟರಿಗೆ ಒಂದು ಡಿಗ್ರಿ, ಬಾಯಿಲೆಕ್ಕಕ್ಕೆ ಸಾಕು. ಆದರೆ ತೆಳು ಶೀತ ಪದರ ಈ ಸರಾಸರಿಯಲ್ಲಿ ಮುಳುಗಿಹೋಗುತ್ತದೆ. ದಪ್ಪ 5400ಕ್ಕಿಂತ ಹೆಚ್ಚಿದ್ದು ನೆಲ ಮಾತ್ರ ಸೊನ್ನೆಗಿಂತ ಕೆಳಗಿರುವ ಪರಿಸ್ಥಿತಿಯೇ ಎಲ್ಲಕ್ಕಿಂತ ಅಪಾಯದ್ದು. ಅದರ ಬಗ್ಗೆ ಯಾರಾದರೂ ಬರೆಯುತ್ತಾರೆ ಅಂದುಕೊಳ್ಳುತ್ತೇನೆ.

ಈ ಗಾಳಿ ತೆಳು, ಭಾರ. ಬೆಟ್ಟ ಹತ್ತಲಾರದು, ತಗ್ಗು ಹುಡುಕುತ್ತದೆ. ಹಿಮಾಲಯ ಮತ್ತು ಟಿಬೆಟ್ ಪ್ರಸ್ಥಭೂಮಿ ಅಡ್ಡ ಮಲಗಿರುವುದರಿಂದ ಸೈಬೀರಿಯಾದ ಗಾಳಿ ಪೂರ್ವಕ್ಕೆ ಸುತ್ತಿ ಚೀನಾದ ಮೇಲೆ ದಕ್ಷಿಣ ಚೀನಾ ಸಮುದ್ರದವರೆಗೂ ಇಳಿಯುತ್ತದೆ. ಉತ್ತರ ಅಮೆರಿಕದಲ್ಲಿ ರಾಕಿ ಪರ್ವತಗಳು ಉತ್ತರ–ದಕ್ಷಿಣ ನಿಂತಿವೆ, ಅಡ್ಡಗೋಡೆ ಇಲ್ಲ. ಅಲ್ಲಿ ಮೆಕ್ಸಿಕೋ ಕೊಲ್ಲಿಯ ತನಕ ನೇರ ದಾರಿ. ಕೆಲವೊಮ್ಮೆ ಅದನ್ನೂ ದಾಟಿ, ಮೆಕ್ಸಿಕೋದ ಚಿವೆಲಾ ಕಣಿವೆಯ ಸಂದಿಯಿಂದ ತೂರಿ ಪೆಸಿಫಿಕ್ ಕಡೆಯ ತೆಹುವಾಂತೆಪೆಕ್ ಕೊಲ್ಲಿಯಲ್ಲಿ ಬಿರುಗಾಳಿ ಎಬ್ಬಿಸುತ್ತದೆ.

---

ಹತ್ತು_ಹೆಕ್ಟೊ ಉತ್ತರ:

ಎರಡನೇ ಪ್ರಶ್ನೆ ನನಗಿರಲಿ. ಸುದ್ದಿಯವರು ಎರಡು ಸುಳಿಗಳನ್ನು ಒಂದೇ ಮಾಡಿಬಿಟ್ಟಿದ್ದಾರೆ.

ಒಂದು, ಸಮೋಷ್ಣ ಮಂಡಲದ (ಸ್ಟ್ರ್ಯಾಟೋಸ್ಫಿಯರ್) ಸುಳಿ. ಸುಮಾರು 15ರಿಂದ 50 ಕಿ.ಮೀ. ಎತ್ತರದಲ್ಲಿ, ಚಳಿಗಾಲದಲ್ಲಿ ಮಾತ್ರ ಇರುತ್ತದೆ. ಇನ್ನೊಂದು, ಕೆಳಗೆ ಜೆಟ್ ಪ್ರವಾಹ (ಎತ್ತರದಲ್ಲಿ ಪಶ್ಚಿಮದಿಂದ ಬೀಸುವ ವೇಗದ ಗಾಳಿ) ಸುತ್ತುವರಿದ ಶೀತಗಾಳಿಯ ದೊಡ್ಡ ವಲಯ. ವರ್ಷವಿಡೀ ಇರುತ್ತದೆ, ಅಂಚು ಸದಾ ಅಲೆಅಲೆಯಾಗಿರುತ್ತದೆ. ನಿಮ್ಮ ಅಂಗಳಕ್ಕೆ ಚಳಿ ತರುವುದು ಈ ಕೆಳಗಿನದರ ಅಲೆ. ಮೇಲಿನ ಸುಳಿಯ ಗಾಳಿ ನೆಲಕ್ಕೆ ಬಂದು ಬೀಳುವುದಿಲ್ಲ.

‘ಒಡೆಯಿತು’ ಎನ್ನುವುದು ಸಾಮಾನ್ಯವಾಗಿ ಸಮೋಷ್ಣ ಮಂಡಲದ ದಿಢೀರ್ ಬಿಸಿಯೇರಿಕೆಗೆ. ಇದನ್ನು ಮೊದಲು ಗುರುತಿಸಿದವರು ಬರ್ಲಿನ್‌ನ ರಿಚರ್ಡ್ ಶೆರ್‌ಹಾಗ್, 1952ರಲ್ಲಿ. ಕೆಳಗಿನಿಂದ ಏಳುವ ಬೃಹತ್ ಅಲೆಗಳು ಮೇಲೆ ಹೋಗಿ ಮುರಿದು ಸುಳಿಯ ವೇಗ ತಗ್ಗಿಸುತ್ತವೆ, ಧ್ರುವದ ಮೇಲಿನ ಗಾಳಿ ಕುಸಿದು ಕೆಲವೇ ದಿನಗಳಲ್ಲಿ ಹತ್ತಾರು ಡಿಗ್ರಿ ಬಿಸಿಯಾಗುತ್ತದೆ. ಅಳತೆಗೋಲು ಸರಳ: 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, 10 ಹೆಕ್ಟೊಪ್ಯಾಸ್ಕಲ್ ಮಟ್ಟದಲ್ಲಿ (30 ಕಿ.ಮೀ. ಆಸುಪಾಸು), ಸರಾಸರಿ ಪಶ್ಚಿಮ ಗಾಳಿ ತಿರುಗಿ ಪೂರ್ವದ್ದಾದರೆ ಅದು ‘ಪ್ರಮುಖ’ ಘಟನೆ. ಅಲ್ಲಿಯವರೆಗೆ ‘ದುರ್ಬಲ’ ಎನ್ನಿ, ‘ಒಡೆದಿದೆ’ ಬೇಡ.

ಎಷ್ಟು ದಿನ ಎಂದಿರಿ. 2018ರಲ್ಲಿ ಫೆಬ್ರವರಿ 12ಕ್ಕೆ ಗಾಳಿ ತಿರುಗಿತು, ತಿಂಗಳ ಕೊನೆಗೆ ಯುರೋಪಿನ ಮೇಲೆ ಪೂರ್ವದ ಚಳಿ ಬಂತು. 2019ರಲ್ಲಿ ಜನವರಿ ಆರಂಭಕ್ಕೆ ತಿರುಗಿತು, ಜನವರಿ 30ಕ್ಕೆ ಶಿಕಾಗೋದಲ್ಲಿ −30.6°. 2021ರಲ್ಲಿ ಜನವರಿ 5ಕ್ಕೆ ತಿರುಗಿತು, ಫೆಬ್ರವರಿ ಮಧ್ಯದಲ್ಲಿ ಟೆಕ್ಸಾಸ್ ಹೆಪ್ಪುಗಟ್ಟಿತು. ಎರಡು ವಾರ, ನಾಲ್ಕು ವಾರ, ಆರು ವಾರ! ಕೊನೆಯ ಎರಡರಲ್ಲಿ ಮೇಲಿನ ಸುಳಿಗೂ ಕೆಳಗಿನ ಚಳಿಗೂ ನೇರ ಸಂಬಂಧ ಎಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ. ಅತ್ತ 2022ರ ಡಿಸೆಂಬರ್‌ನಲ್ಲಿ ಪ್ರಮುಖ ಘಟನೆ ಯಾವುದೂ ಇರಲಿಲ್ಲ. ಆದರೂ ಡಿಸೆಂಬರ್ 21ರಂದು ಡೆನ್ವರ್ ವಿಮಾನ ನಿಲ್ದಾಣದಲ್ಲಿ ಒಂದೇ ಗಂಟೆಯಲ್ಲಿ ಸುಮಾರು 20 ಡಿಗ್ರಿ ಕುಸಿಯಿತು.

ಆದ್ದರಿಂದ ಸುಳಿಯ ಸುದ್ದಿಯನ್ನು ‘ಮುಂದಿನ ಒಂದೆರಡು ತಿಂಗಳು ಸಾಧ್ಯತೆ ಹೆಚ್ಚಿದೆ’ ಎಂದಷ್ಟೇ ಓದಿ. ಬಿಸಿಯೇರಿಕೆ ಆದ ಮೇಲೆ 100 ಹೆಕ್ಟೊಪ್ಯಾಸ್ಕಲ್ (ಸುಮಾರು 16 ಕಿ.ಮೀ.) ನಕ್ಷೆ ನೋಡುತ್ತಿರಿ. ಪಶ್ಚಿಮ ಗಾಳಿ ಅಲ್ಲೂ ಸೊರಗಿದರೆ ಪರಿಣಾಮ ಕೆಳಗಿಳಿಯುತ್ತಿದೆ. ಅಲ್ಲಿಗೆ ತಲುಪದೆ ಮೇಲೆಯೇ ಕರಗುವ ಘಟನೆಗಳೂ ಸಾಕಷ್ಟಿವೆ.

ಹತ್ತು ದಿನದೊಳಗಿನ ಲೆಕ್ಕಕ್ಕೆ 500 ಹೆಕ್ಟೊಪ್ಯಾಸ್ಕಲ್‌ನಲ್ಲಿ ತಡೆ (ಜಾಗ ಬಿಡದೆ ಕೂರುವ ಅಧಿಕ ಒತ್ತಡ) ಎಲ್ಲಿ ಕೂತಿದೆ ಎನ್ನುವುದೇ ಮುಖ್ಯ. ಅಲಾಸ್ಕಾ ಕಡೆ ಏಣು (ಅಧಿಕ ಒತ್ತಡದ ಉಬ್ಬು) ಎದ್ದು ಧ್ರುವದತ್ತ ಚಾಚಿದರೆ ಉತ್ತರ ಅಮೆರಿಕದ ಸರದಿ. ಗ್ರೀನ್‌ಲ್ಯಾಂಡ್ ಅಥವಾ ಸ್ಕ್ಯಾಂಡಿನೇವಿಯಾದ ಮೇಲಾದರೆ ಯುರೋಪಿನದು. ಉರಲ್ ಮೇಲಾದರೆ ಕೆಲವು ದಿನಗಳಲ್ಲಿ ಪೂರ್ವ ಏಷ್ಯಾದ್ದು.

---

ಸರೋವರದಾಚೆ ಉತ್ತರ:

ಮೂರನೆಯದು. ಗಾಳಿ ಕಾಲಿಟ್ಟ ನೆಲ ಯಾವುದು ಎನ್ನುವುದೇ ಉತ್ತರ. ಹಿಮ ಹೊದ್ದ ನೆಲದ ಮೇಲೆ ಬಂದರೆ ಗುಣ ಕೆಡದೆ ಬರುತ್ತದೆ, ಆಕಾಶ ತಿಳಿ. ಬರಿ ನೆಲ, ಬಿಸಿಲು ಸಿಕ್ಕರೆ ಹಗಲು ಹಗಲಿಗೆ ಬೆಚ್ಚಗಾಗುತ್ತದೆ. ಹೆಪ್ಪುಗಟ್ಟದ ನೀರು ಸಿಕ್ಕರೆ ವೇಷವೇ ಬೇರೆ. ಗಲ್ಫ್ ಸ್ಟ್ರೀಮ್, ಕುರೋಷಿಯೊದಂಥ ಬಿಸಿ ಪ್ರವಾಹಗಳ ಮೇಲೆ ಇಂಥ ಗಾಳಿ ಹಾಯುವಾಗ ಸಮುದ್ರ ಪ್ರತಿ ಚದರ ಮೀಟರಿಗೆ 1000 ವ್ಯಾಟ್‌ವರೆಗೆ ಶಾಖ ಮತ್ತು ತೇವವನ್ನು ಗಾಳಿಗೆ ಒಪ್ಪಿಸುವುದುಂಟು.

ಸರೋವರದ ನೀರಿನ ಮೇಲೆ ಹಾದ ಶೀತಗಾಳಿ ಸುರಿಸುವ ಹಿಮಕ್ಕೆ ನೋಡಬೇಕಾದವು ಇವು.

ನೀರಿನ ಮೇಲ್ಮೈಗೂ 850 ಹೆಕ್ಟೊಪ್ಯಾಸ್ಕಲ್‌ಗೂ ಕನಿಷ್ಠ 13 ಡಿಗ್ರಿ ಅಂತರ ಬೇಕು. ಒಂದೂವರೆ ಕಿ.ಮೀ.ಗೆ ಇಷ್ಟು ಇಳಿಕೆ ಎಂದರೆ ಒಣ ಗಾಳಿಯ ಸಹಜ ಇಳಿಕೆಗೆ (ಕಿ.ಮೀ.ಗೆ 9.8 ಡಿಗ್ರಿ) ಹತ್ತಿರ, ಅಂದರೆ ಗಾಳಿ ತಾನಾಗಿ ಮಗುಚಲು ಸಿದ್ಧ. ನೀರು +8°, 850ರಲ್ಲಿ −8° ಇದ್ದರೆ ಅಂತರ 16, ಧಾರಾಳವಾಯಿತು.

ನೀರಿನ ಮೇಲೆ ಗಾಳಿ ಓಡುವ ದೂರ 100 ಕಿ.ಮೀ. ಆದರೂ ಇರಲಿ. ಇಲ್ಲೇ ದಿಕ್ಕಿನ ಆಟ. ಉತ್ತರ ಅಮೆರಿಕದ ಈರಿ ಸರೋವರ ಉದ್ದಕ್ಕೆ 388 ಕಿ.ಮೀ., ಅಡ್ಡಕ್ಕೆ ಹೆಚ್ಚೆಂದರೆ 92. ಗಾಳಿ ಉದ್ದದ ನೇರಕ್ಕೆ (ಪಶ್ಚಿಮ-ನೈಋತ್ಯ) ಬಂದರೆ ಮೋಡದ ಒಂದೇ ದಪ್ಪ ಪಟ್ಟೆ ಕಟ್ಟುತ್ತದೆ. ವಾಯವ್ಯದಿಂದ ಅಡ್ಡ ಬೀಸಿದರೆ ಹಲವು ತೆಳು ಪಟ್ಟೆಗಳು, ಅಲ್ಲಲ್ಲಿ ಚೂರುಪಾರು ಹಿಮ. 2022ರ ನವೆಂಬರ್‌ನಲ್ಲಿ ಈರಿಯ ಪೂರ್ವ ತುದಿಯ ಬಫಲೋ ನಗರದ ದಕ್ಷಿಣ ಹೊರವಲಯದಲ್ಲಿ ಸುಮಾರು ಎರಡು ಮೀಟರ್ ಬಿದ್ದದ್ದು, ಉತ್ತರದ ಕಡೆ ಅದರ ಸಣ್ಣ ಪಾಲೂ ಬೀಳದಿದ್ದದ್ದು ಈ ಪಟ್ಟೆಯ ಮಹಿಮೆ. ಪಟ್ಟೆಯ ಅಂಚು ಎಷ್ಟು ಹರಿತ ಎಂದರೆ ಮಾದರಿ ದಿಕ್ಕನ್ನು ಹತ್ತು ಡಿಗ್ರಿ ತಪ್ಪು ಹೇಳಿದರೂ ಮುನ್ಸೂಚನೆ ಪಕ್ಕದ ಊರಿಗೆ ಹೋಗಿಬಿಡುತ್ತದೆ.

ನೆಲದಿಂದ 700 ಹೆಕ್ಟೊಪ್ಯಾಸ್ಕಲ್‌ವರೆಗೆ ಗಾಳಿಯ ದಿಕ್ಕು 30 ಡಿಗ್ರಿಗಿಂತ ಹೆಚ್ಚು ತಿರುಗಿದರೆ ಪಟ್ಟೆ ಹರಿದುಹೋಗುತ್ತದೆ. ಇನ್ವರ್ಷನ್ ಚಾವಣಿ ಒಂದು ಕಿ.ಮೀ.ಗಿಂತ ಕೆಳಗಿದ್ದರೆ ಮೋಡ ಮೇಲೇಳದೆ ಬರೀ ಪುಡಿಹಿಮ. ಚಾವಣಿ ಮೂರು ಕಿ.ಮೀ. ಇದ್ದರೆ ಗುಡುಗೂ ಕೇಳಬಹುದು. ಇಲ್ಲಿ ಒಂದು ವಿಪರ್ಯಾಸ ಇದೆ: ಅಧಿಕ ಒತ್ತಡದ ಕೇಂದ್ರ ಹತ್ತಿರ ಬಂದಂತೆ ಚಳಿ ಹೆಚ್ಚುತ್ತದೆ, ಹಿಮ ನಿಲ್ಲುತ್ತದೆ. ಮೇಲಿನ ಗಾಳಿ ಕುಸಿಯುತ್ತ ಬಿಸಿಯಾಗಿ ಚಾವಣಿಯನ್ನು ಕೆಳಗೆ ತಳ್ಳುವುದೇ ಕಾರಣ.

ಕೊನೆಯದು, ನೀರು ತೆರೆದಿರಬೇಕು. ಈರಿಯ ಸರಾಸರಿ ಆಳ 19 ಮೀ., ಚಳಿಗಾಲದ ನಡುವೆ ಹೆಪ್ಪುಗಟ್ಟಿ ಕಾರ್ಖಾನೆ ಮುಚ್ಚುತ್ತದೆ. 86 ಮೀ. ಸರಾಸರಿ ಆಳದ ಒಂಟಾರಿಯೊ ಬಹುತೇಕ ತೆರೆದೇ ಇರುತ್ತದೆ.

ಜಪಾನ್ ಸಮುದ್ರದಲ್ಲೂ ಇದೇ ಕಥೆ, ಇನ್ನೂ ದೊಡ್ಡ ಪ್ರಮಾಣದಲ್ಲಿ. ಉಪಗ್ರಹ ಚಿತ್ರದಲ್ಲಿ ಏಷ್ಯಾದ ಕರಾವಳಿ ಬಿಟ್ಟು ಸ್ವಲ್ಪ ದೂರ ನೀರು ಬರಿದಾಗಿ ಕಾಣುತ್ತದೆ, ಆಮೇಲೆ ಗೆರೆ ಎಳೆದಂತೆ ಮೋಡದ ಸಾಲುಗಳು ಶುರು. ಆ ಬರಿದು ಜಾಗ ಕಿರಿದಾದಷ್ಟೂ ಬರುತ್ತಿರುವ ಗಾಳಿ ಹೆಚ್ಚು ಶೀತ. ಜೊತೆಗೆ 500 ಹೆಕ್ಟೊಪ್ಯಾಸ್ಕಲ್‌ನಲ್ಲಿ (5.5 ಕಿ.ಮೀ.) −36° ಕಂಡರೆ ಅಲ್ಲಿನ ಮುನ್ಸೂಚಕರು ಭಾರಿ ಹಿಮದ ಗುರುತೆಂದೇ ನೋಡುತ್ತಾರೆ.

---

ನಕ್ಷೆಹುಚ್ಚ:

ಎಲ್ಲರಿಗೂ ಧನ್ಯವಾದ. ನಾಲ್ಕನೆಯದು ಉಳಿದಿದೆ. ಒತ್ತಡರೇಖೆಯವರು ‘ಎಲ್ಲಕ್ಕಿಂತ ಅಪಾಯದ್ದು’ ಅಂದದ್ದು ಹೆಪ್ಪುಗಟ್ಟುವ ಮಳೆ ತಾನೇ?

---

ಹಸಿಬಲ್ಬ್ ಉತ್ತರ:

ಹೌದು, ಅದೇ. ಎರಡಕ್ಕೂ ಮೂಲ ಒಂದೇ, ಶೀತ ಪದರದ ತೆಳುತನ.

ಮೊದಲು ಸಮಯ. ತೆಳು ಶೀತ ಪದರ ಬಿಸಿ ಗಾಳಿಯ ಅಡಿಗೆ ಸರಿಯುವುದು ತನ್ನ ಭಾರದಿಂದಲೇ, ಇಳಿಜಾರಿನಲ್ಲಿ ನೀರು ಹರಿದಂತೆ. ವೇಗ ಪದರದ ದಪ್ಪ ಮತ್ತು ಉಷ್ಣಾಂಶದ ಅಂತರ, ಈ ಎರಡರ ಗುಣಲಬ್ಧದ ವರ್ಗಮೂಲಕ್ಕೆ ತಕ್ಕಂತೆ. 500 ಮೀ. ದಪ್ಪ, 15 ಡಿಗ್ರಿ ಅಂತರ ಇದ್ದರೆ ಗಂಟೆಗೆ ಸುಮಾರು 45ರಿಂದ 60 ಕಿ.ಮೀ. ಮಾದರಿಗಳು ಈ ಪದರವನ್ನು ಮೇಲಿನ ಬಿಸಿಯ ಜೊತೆ ಬೇಗ ಕಲಸಿಬಿಡುತ್ತವೆ. ಅಂತರ ತಗ್ಗುತ್ತದೆ, ಮಾದರಿಯೊಳಗಿನ ವಾಯುಮುಖ ನಿಧಾನವಾಗುತ್ತದೆ. ಪರ್ವತದ ಪಕ್ಕಕ್ಕೆ ಒತ್ತಿಕೊಂಡು ಬರುವ ಶೀತಕ್ಕೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಶೀತ ಪದರ ಬಿಟ್ಟುಹೋಗುವ ಹೊತ್ತನ್ನೂ ಹೀಗೇ ತಪ್ಪುತ್ತವೆ: ಮಾದರಿ ‘ಬೆಳಿಗ್ಗೆಗೆ ಬಿಸಿ’ ಅಂದರೆ ಚಳಿ ಸಂಜೆಯವರೆಗೂ ಕಣಿವೆಯಲ್ಲಿ ಕೂತಿರುತ್ತದೆ.

ತಿದ್ದುವ ದಾರಿ: ಗಾಳಿ ಬರುವ ದಿಕ್ಕಿನ ಮೂರ್ನಾಲ್ಕು ಹವಾಮಾನ ಕೇಂದ್ರಗಳ ಗಂಟೆವಾರು ವರದಿ ಸಾಲಾಗಿ ಇಟ್ಟುಕೊಳ್ಳಿ. ವಾಯುಮುಖ ಒಂದೊಂದನ್ನು ದಾಟಿದ ಹೊತ್ತಿನಿಂದ ವೇಗ ತೆಗೆಯಿರಿ, ನಿಮ್ಮ ಜಾಗಕ್ಕೆ ಎಳೆಯಿರಿ. ಆರು ಗಂಟೆಯೊಳಗಿನ ಲೆಕ್ಕಕ್ಕೆ ಇದು ಮಾದರಿಗಿಂತ ಮೇಲು. ವಾಯುಮುಖ ಆಗಲೇ ದಾಟಿದ ಕೇಂದ್ರದಲ್ಲಿ ಒತ್ತಡ ಮಾದರಿ ಹೇಳಿದ್ದಕ್ಕಿಂತ 2–3 ಹೆಕ್ಟೊಪ್ಯಾಸ್ಕಲ್ ಹೆಚ್ಚಿದ್ದರೆ ಬರುವ ಪದರ ಮಾದರಿ ಎಣಿಸಿದ್ದಕ್ಕಿಂತ ಭಾರ. ಬೇಗ ಬರುತ್ತದೆ ಎಂದೇ ಇಟ್ಟುಕೊಳ್ಳಿ.

ದಾಟಿದ ಹೊತ್ತು ಗುರುತಿಸಲು ಥರ್ಮಾಮೀಟರ್ ಒಂದನ್ನೇ ನಂಬಬೇಡಿ. ತಿಳಿ ರಾತ್ರಿಯಲ್ಲಿ ನೆಲಮಟ್ಟ ಆಗಲೇ ತಣ್ಣಗಾಗಿ ನಿಂತಿರುತ್ತದೆ. ವಾಯುಮುಖದ ಗಾಳಿ ಅದನ್ನು ಕಲಕಿದಾಗ ಉಷ್ಣಾಂಶ ಮೊದಲು ಒಂದೆರಡು ಡಿಗ್ರಿ ಏರುವುದೂ ಉಂಟು. ಇಬ್ಬನಿ ಬಿಂದು (ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣಾಂಶ) ಧಡಕ್ಕನೆ ಇಳಿಯುವುದು, ಒತ್ತಡ ತಳ ಮುಟ್ಟಿ ಏರಲು ತೊಡಗುವುದು, ಗಾಳಿ ದಕ್ಷಿಣ–ನೈಋತ್ಯದಿಂದ ವಾಯವ್ಯ–ಉತ್ತರಕ್ಕೆ ತಿರುಗುವುದು (ಉತ್ತರ ಗೋಳಾರ್ಧದಲ್ಲಿ), ಈ ಮೂರೂ ಒಟ್ಟಿಗೆ ಆದ ಕ್ಷಣವೇ ವಾಯುಮುಖ. ಎಷ್ಟು ದಿಢೀರ್ ಆಗಬಹುದು ಎಂಬುದಕ್ಕೆ 1911ರ ನವೆಂಬರ್ 11ರ ಒಕ್ಲಹೋಮಾ ಸಿಟಿಯ ದಾಖಲೆ ನೋಡಿ: ಹಗಲು 28.3°, ಅದೇ ದಿನ ಮಧ್ಯರಾತ್ರಿಯೊಳಗೆ −8.3°. ಆ ತಾರೀಖಿನ ಗರಿಷ್ಠ, ಕನಿಷ್ಠ ದಾಖಲೆ ಎರಡೂ ಒಂದೇ ದಿನದವು.

ಇನ್ನು ಹೆಪ್ಪುಗಟ್ಟುವ ಮಳೆ. ಸೌಂಡಿಂಗ್‌ನಲ್ಲಿ ಮೇಲಿನಿಂದ ಕೆಳಕ್ಕೆ ಓದಿ. ನಡುವಿನ ಬಿಸಿ ಪದರದ ಗರಿಷ್ಠ +3° ದಾಟಿದರೆ ಹಿಮ ಪೂರ್ತಿ ಕರಗುತ್ತದೆ, +1° ಒಳಗಿದ್ದರೆ ಹಿಮ ಹಿಮವಾಗಿಯೇ ಉಳಿಯುತ್ತದೆ, ನಡುವೆ ಇದ್ದರೆ ಅರೆಕರಗು. ಆಮೇಲೆ ತಳದ ಶೀತ ಪದರ. ಅದು ದಪ್ಪಗಿದ್ದು −6°ಗಿಂತ ಕೆಳಗಿದ್ದರೆ, ಅದರಲ್ಲೂ ಅರೆಕರಗಿದ ಹನಿಗಳು, ಗಾಳಿಯಲ್ಲೇ ಗಟ್ಟಿಯಾಗಿ ಮಂಜಿನ ಕಾಳಾಗಿ ಬೀಳುತ್ತವೆ. ಪದರ ತೆಳುವಾಗಿದ್ದರೆ ನೀರಾಗಿಯೇ ಬಂದು ತಂತಿ, ಕೊಂಬೆ, ರಸ್ತೆಗೆ ತಾಗಿದೊಡನೆ ಗಾಜಾಗುತ್ತದೆ. ತೆಳು ಪದರವನ್ನು ಅಪಾಯ ಎಂದದ್ದು ಅದಕ್ಕೇ.

ಒಂದು ಸೂಕ್ಷ್ಮ. ನೀರು ಹೆಪ್ಪುಗಟ್ಟುವಾಗ ಗುಪ್ತೋಷ್ಣ ಬಿಡುತ್ತದೆ, ಮೇಲ್ಮೈ ಸೊನ್ನೆಗೆ ಏರಿ ಆಟ ತಾನಾಗಿ ನಿಲ್ಲಬೇಕು. ನಿಲ್ಲದೆ ದಿನಗಟ್ಟಲೆ ನಡೆಯಬೇಕಾದರೆ ಒಣ ಶೀತ ಗಾಳಿ ಹೊಸದಾಗಿ ಬರುತ್ತಲೇ ಇರಬೇಕು. 1998ರ ಜನವರಿ 5ರಿಂದ 10ರವರೆಗೆ ಸೇಂಟ್ ಲಾರೆನ್ಸ್ ಕಣಿವೆಯಲ್ಲಿ ಆದದ್ದು ಇದೇ: ಕಣಿವೆಯುದ್ದಕ್ಕೆ ಈಶಾನ್ಯ ಗಾಳಿ ಚಳಿ ಪೂರೈಸಿತು, ಮಾಂಟ್ರಿಯಲ್‌ನ ದಕ್ಷಿಣಕ್ಕೆ ಕೆಲವೆಡೆ 100 ಮಿ.ಮೀ.ಗೂ ಹೆಚ್ಚು ಸುರಿಯಿತು. ಆದ್ದರಿಂದ ಉಷ್ಣಾಂಶ ಎಷ್ಟು ಎಂಬುದಕ್ಕಿಂತ ಮೊದಲು ಗಾಳಿ ಬರುವ ದಿಕ್ಕಿನ ಇಬ್ಬನಿ ಬಿಂದು ನೋಡಿ. ಉಷ್ಣಾಂಶ +2° ಇದ್ದರೂ ಇಬ್ಬನಿ ಬಿಂದು −8° ಆದರೆ ಹಸಿಬಲ್ಬ್ ಓದಿಕೆ (ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನದು) ಸುಮಾರು −1°. ಮಳೆ ಶುರುವಾಗಿ ಹನಿ ಆವಿಯಾದಂತೆ ಥರ್ಮಾಮೀಟರ್ ಅಲ್ಲಿಗೆ ಇಳಿಯುತ್ತದೆ, ‘ಸೊನ್ನೆಗಿಂತ ಮೇಲಿದೆ, ಚಿಂತೆಯಿಲ್ಲ’ ಅಂದವರ ರಸ್ತೆ ಗಾಜಾಗಿರುತ್ತದೆ.

---

ಒತ್ತಡರೇಖೆ:

ಹಸಿಬಲ್ಬ್ ಅವರ ವೇಗದ ಲೆಕ್ಕಕ್ಕೆ ಸಣ್ಣ ಸೇರ್ಪಡೆ. ಅದು ಎದುರು ಗಾಳಿ ಇಲ್ಲದಾಗಿನ ವೇಗ. ಬಿಸಿ ಕಡೆಯಿಂದ ಜೋರು ದಕ್ಷಿಣ ಗಾಳಿ ಬೀಸುತ್ತಿದ್ದರೆ ಒಂದಷ್ಟು ಕಳೆಯಿರಿ. ಕಡಿಮೆ ಒತ್ತಡದ ಕೇಂದ್ರ ಪೂರ್ವಕ್ಕೆ ದಾಟಿ ಹಿಂದಿನಿಂದ ಗಾಳಿ ನೂಕುತ್ತಿದ್ದರೆ ಕೂಡಿಸಿ. ಕೇಂದ್ರಗಳ ವರದಿಯಿಂದ ತೆಗೆದ ವೇಗದಲ್ಲಿ ಇದೆಲ್ಲ ಸೇರಿಯೇ ಇರುತ್ತದೆ, ಅದಕ್ಕೇ ಅದು ವಾಸಿ.

---

ಹತ್ತು_ಹೆಕ್ಟೊ:

ನಕ್ಷೆಹುಚ್ಚ ಅವರು ಕೇಳಿಲ್ಲ, ಆದರೂ ಇಂಥ ಚರ್ಚೆಯಲ್ಲಿ ಸದಾ ಕಲಸಿಹೋಗುವ ಅಂಕಿ ಒಂದಿದೆ, ವಿಂಡ್ ಚಿಲ್. 2001ರಿಂದ ಅಮೆರಿಕ, ಕೆನಡಾದಲ್ಲಿ ಬಳಕೆಯಲ್ಲಿರುವ ಸೂತ್ರದ ಪ್ರಕಾರ −20°, ಗಂಟೆಗೆ 30 ಕಿ.ಮೀ. ಗಾಳಿ ಎಂದರೆ −33. ಇದು ಬಯಲಾದ ಚರ್ಮ ಶಾಖ ಕಳೆದುಕೊಳ್ಳುವ ವೇಗದ ಲೆಕ್ಕ. ಪೈಪು, ರೇಡಿಯೇಟರ್, ನೆಲ ಯಾವುದೂ ಗಾಳಿಯ ಏಟಿಗೆ −20°ಗಿಂತ ಕೆಳಗಿಳಿಯುವುದಿಲ್ಲ, −20°ಗೆ ಬೇಗ ತಲುಪುತ್ತವೆ ಅಷ್ಟೆ. ಎರಡು ವಾಯುರಾಶಿಗಳನ್ನು ಹೋಲಿಸುವಾಗ ವಿಂಡ್ ಚಿಲ್ ಅಂಕಿ ತರಲೇಬೇಡಿ. ಉಷ್ಣಾಂಶ, ಇಬ್ಬನಿ ಬಿಂದು ಸಾಕು.

ಒಣತನದ ಅಂದಾಜು ಬೇಕಿದ್ದರೆ: −20°ಯ ಗಾಳಿ ತೇವದಿಂದ ತುಂಬಿದ್ದರೂ ಘನ ಮೀಟರಿಗೆ ಸುಮಾರು ಒಂದು ಗ್ರಾಂ ನೀರಾವಿ ಹಿಡಿಯುತ್ತದೆ, 20°ಯ ಗಾಳಿ 17 ಗ್ರಾಂ. ಹೊರಗಿನ ಆ ಗಾಳಿ ಒಳಗೆ ಬಂದು ಹೀಟರಿನಿಂದ 20° ಆದಾಗ ಸಾಪೇಕ್ಷ ಆರ್ದ್ರತೆ ಶೇ. 5ರ ಆಸುಪಾಸು. ಹೊರಗಿನ ವರದಿಯಲ್ಲಿ ‘ಆರ್ದ್ರತೆ ಶೇ. 80’ ಎಂದಿದ್ದರೂ ಇದೇ ಗತಿ.